ಹೊಳೆಯೊಳಗಿನ ಅರಮನೆ ಮತ್ತು ಜವರಮ್ಮನ ಹೂಂ

ಇದನ್ನು ನನಗೆ ಹೇಳಿದವರು ತಿರುಮಕೂಡಲು ನರಸೀಪುರದ ನಯನ, ಟೀವಿ ಧಾರಾವಾಹಿಗಳಿಗೆ ಬರೆಯುವ ಹೆಣ್ಣುಮಗಳು. ಆಮೇಲೆ ಬಿಳಿಗೆರೆಗೆ ಹೋಗಿ ಜವರಮ್ಮನವರಿಂದಲೂ ಕೇಳಿ ತಾಳೆ ನೋಡಿದ್ದೇನೆ.

ಜವರಮ್ಮನವರ ಅಣ್ಣ ಸಣ್ಣಯ್ಯ ನಂಜನಗೂಡಿನಲ್ಲಿ ಮೇಷ್ಟ್ರಾಗಿದ್ದರು. ನಲವತ್ತು ವರ್ಷದ ಹಿಂದೆ ಅವರು ಬರೆದ ಮಕ್ಕಳ ಕಾದಂಬರಿಯಲ್ಲಿ ಒಬ್ಬ ಹುಡುಗಿ ಹೊಳೆಯ ಕೆಳಗಿನ ಮೀನುಗಳ ಅರಮನೆ ಸೇರಿ ರಾಣಿಯಾಗುತ್ತಾಳೆ. ಅದು ಧಾರಾವಾಹಿಯಾಗಬೇಕಿತ್ತು. ಮೇಷ್ಟ್ರು ತೀರಿಕೊಂಡ ಮೇಲೆ ಪುಸ್ತಕದ ಹಕ್ಕು ತಂಗಿಯದು. ನಯನ ಒಪ್ಪಿಗೆ ಪತ್ರ ಹಿಡಿದು ಬಿಳಿಗೆರೆಗೆ ಹೋದರು.

"ಟೀವಿಯೋರು ಅಂದ್ರೆ ದಪ್ಪಗಿರ್ತಾರೆ ಅನ್ಕಂಡಿದ್ದೆ, ನೀನು ಕಡ್ಡಿ ಕಣವ್ವ" ಎಂದು ಜವರಮ್ಮ ನಕ್ಕರಂತೆ. ಓದು ಬಾರದವರು; ಮೊದಲು ಪುಸ್ತಕ ಓದಿ ಹೇಳು, ಹೆಬ್ಬೆಟ್ಟು ಆಮೇಲೆ ಎಂದರು.

ಈ ಸೀಮೆಯಲ್ಲಿ ಕಥೆ ಕೇಳುವವರು ಮಾತುಮಾತಿಗೂ ‘ಹೂಂ’ ಎನ್ನಬೇಕು. ಅದು ನಿಂತರೆ ಹೇಳುವವರೂ ನಿಲ್ಲಿಸಬೇಕು. ನಯನ ಓದಿದಂತೆ ಜವರಮ್ಮ ಹೂಂಗುಟ್ಟುತ್ತಲೇ ಇದ್ದರು. ಕಥೆಯ ಹುಡುಗಿ ಸುಳಿಗೆ ಸಿಕ್ಕಾಗ ಅವಳ ಕೈಯನ್ನು ತಮ್ಮ ಹೆದರಿ ಬಿಟ್ಟುಬಿಡುತ್ತಾನೆ; ಹೊಳೆಯ ಮೆಟ್ಟಿಲ ಮೇಲೆ ಉಳಿದ ಅವಳ ಒಂಟಿ ಗೆಜ್ಜೆಯನ್ನು ರಾಗಿ ಗುಡಾಣದಲ್ಲಿ ಬಚ್ಚಿಡುತ್ತಾನೆ. ಅಲ್ಲಿ ಹೂಂ ನಿಂತಿತು.

ನಯನ ತಲೆಯೆತ್ತಿದರು.

"ಆ ಗೆಜ್ಜೆ ನಾನು ನೋಡಿವ್ನಿ" ಎಂದರು ಜವರಮ್ಮ. ಹತ್ತು ವರ್ಷದವಳಿದ್ದಾಗ ರಾಗಿ ತೆಗೆಯಹೋದವಳಿಗೆ ಅದು ಸಿಕ್ಕಿತ್ತಂತೆ. ಅಣ್ಣ ಮಾತಾಡದೆ ಕಿತ್ತುಕೊಂಡಿದ್ದನಂತೆ. ದೊಡ್ಡಕ್ಕ ಚಲುವಮ್ಮ ಜ್ವರದಿಂದ ಸತ್ತಳೆಂದೇ ಮನೆಯವರು ಅವರಿಗೆ ಹೇಳಿದ್ದರು.

"ಇದ್ನ ಯಾರ್ಯಾರು ಓದವ್ರೆ?"

"ಶಾಲೆ ಮಕ್ಕಳೆಲ್ಲ ಓದಿದ್ದಾರೆ ಅಜ್ಜಿ."

"ನನ್ಗೊಬ್ಬಳ್ಗೇ ಗೊತ್ತಿರ್ನಿಲ್ಲ."

ನಯನ ಬಂದಿದ್ದೇ ಆ ಭಾಗವನ್ನು ತೆಗೆಯಲು ಒಪ್ಪಿಗೆ ಪಡೆಯಲು. ಮಕ್ಕಳು ಬೆದರುತ್ತಾರೆ, ತಮ್ಮ ಕೈ ಬಿಡುವುದು ಬೇಡ, ಮೀನೇ ಎಳೆದುಕೊಂಡು ಹೋಗಲಿ ಎಂದು ವಾಹಿನಿಯವರು ಒಪ್ಪಿಗೆ ಪತ್ರದಲ್ಲೇ ಬರೆಸಿದ್ದರು. ತಡವರಿಸುತ್ತ ಅದನ್ನೂ ಹೇಳಿದರು.

ಜವರಮ್ಮ ಹೆಬ್ಬೆಟ್ಟಿಗೆಂದು ತಂದಿದ್ದ ಶಾಯಿಯ ಡಬ್ಬಿಯನ್ನು ಆಚೆಗೆ ತಳ್ಳಿದರು. "ನನ್ಗೆ ಬಾಯ್ಬುಟ್ಟು ಏಳ್ನಿಲ್ಲ, ಊರ್ಗೆಲ್ಲ ಏಳವ್ನೆ. ಅದೊಂದ್ ನಿಜ ಏಳವ್ನೆ. ಕೈ ಬುಟ್ಟಿದ್ದು ಅಂಗೇ ಇರ್ಬೇಕು. ಇಲ್ದಿದ್ರೆ ಹೆಬ್ಬೆಟ್ಟು ಇಲ್ಲ, ಓಗವ್ವ."

ನಯನ ಬೀದಿಗೆ ಬಂದು ವಾಹಿನಿಗೆ ಫೋನು ಮಾಡಿದರು. ಮುದುಕಿ ಒಪ್ಪದಿರಲು ಕಾರಣವೇನೆಂದು ವಾಹಿನಿಯವರು ಕೇಳಿದರು. ಕಾರಣ ಹೇಳಿದರೆ ಅಜ್ಜಿಯ ಮನೆಯ ಗುಟ್ಟನ್ನು ತಾನೂ ಊರಿಗೆ ಹೇಳಿದಂತಾಗುತ್ತದಲ್ಲ ಎಂದು ನಯನ ಫೋನು ಕಿವಿಗೊತ್ತಿಕೊಂಡೇ ನಿಂತಿದ್ದರಂತೆ. ಅತ್ತ ಕಡೆಯವರು ಹಲೋ ಹಲೋ ಎಂದು ಬೇಸತ್ತು ಇಟ್ಟರಂತೆ.