ಎಡೆಗಿಟ್ಟ ಆಟ

"ಯಾವುದು ಕಟ್ಟಲಿ ಅಮ್ಮ, ನೀವೇ ಹೇಳಿಬಿಡಿ," ಎಂದ ನಿರಂಜನ್.

ಕುಶಾಲನಗರದ ಅವನ ಅಂಗಡಿಯ ಗಾಜಿನ ಕೌಂಟರಿನ ಮೇಲೆ ಎರಡು ಪೆಟ್ಟಿಗೆಗಳಿದ್ದವು. ದೊಡ್ಡದರಲ್ಲಿ ಟೀವಿಗೆ ಜೋಡಿಸಿ ಆಡುವ ಕನ್ಸೋಲ್. ಚಿಕ್ಕದರಲ್ಲಿ ಎರಡೂ ಕೈಯಲ್ಲಿ ಹಿಡಿದು ಆಡುವ ಪುಟ್ಟ ಕಂಪ್ಯೂಟರ್. ಪರದೆ, ಗುಂಡಿ ಎಲ್ಲ ಅದರಲ್ಲೇ.

ಸಿದ್ದಮ್ಮ ಎರಡನ್ನೂ ಮುಟ್ಟಲಿಲ್ಲ. "ನಂಗೇನ್ ಗೊತ್ತಪ್ಪ? ಒಂದಿನ ಅದು ಅಂತಿದ್ದ, ಒಂದಿನ ಇದು ಅಂತಿದ್ದ."

"ಇಲ್ಲೂ ಹಂಗೇ. ರೋಡಲ್ಲೇ ವ್ಯಾನ್ ನಿಲ್ಲಿಸ್ಬಿಟ್ಟು ಬರೋನು. ಹಿಂದಿನ ಬಸ್ಸಿನೋರು ಬೈದ್ರೂ ಕದಲ್ತಿರಲಿಲ್ಲ. ಹೆಣ್ಣು ನೋಡಕ್ ಹೋದ್ರೂ ಹಿಂಗೇನಾ ಮಾರಾಯ, ಅಕ್ಕನೋ ತಂಗಿನೋ ಅಂತ ಕೂತ್ಕೋತೀಯಾ ಅಂತಿದ್ದೆ..." ನಗುತ್ತಿದ್ದ ನಿರಂಜನ್ ಸಿದ್ದಮ್ಮನ ಮುಖ ನೋಡಿ ಸುಮ್ಮನಾದ.

ಅವಳ ಮಗ ಚೇತನ್‌ಕುಮಾರ್ ಹೋಗಿ ಎಂಟು ತಿಂಗಳಾಗಿತ್ತು. ಶಿರಂಗಾಲದಿಂದ ತರಕಾರಿ ತುಂಬಿಕೊಂಡು ಮಂಗಳೂರಿಗೆ ಹೊರಟಿದ್ದ ವ್ಯಾನು ಸಂಪಾಜೆ ಘಾಟಿಯಲ್ಲಿ ಉರುಳಿತ್ತು. ಈ ಮಾರ್ನಮಿ ಅಮಾವಾಸ್ಯೆಗೆ ಅವನ ಹೆಸರಿನ ಮೊದಲ ಎಡೆ. ತೀರಿಹೋದವರಿಗೆ ಇಷ್ಟವಾದ ಅಡುಗೆ, ಹೊಸ ಬಟ್ಟೆ, ಆಸೆಪಟ್ಟು ಸಿಗದೆ ಉಳಿದದ್ದು, ಎಲ್ಲವನ್ನೂ ಫೋಟೋದ ಮುಂದಿಟ್ಟು, ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ಕೂರಬೇಕು. ಅವರು ಬಂದು ಉಂಡು ಹೋಗುತ್ತಾರೆ. ಅವಳ ಗಂಡ ಸಣ್ಣಸ್ವಾಮಿ ತನ್ನ ಅಪ್ಪನಿಗೆ ಇವತ್ತಿಗೂ ಒಂದು ಕಟ್ಟು ಬೀಡಿ ಇಡುತ್ತಾನೆ. ಮಗನಿಗೆ ಆಟದ್ದೇ ಇಡಬೇಕೆಂದು ಸಿದ್ದಮ್ಮ ಹಟ ಹಿಡಿದಿದ್ದಳು. ದುಡ್ಡೂ ಅವನೇ ಕೂಡಿಟ್ಟದ್ದು.

"ಚಿಕ್ಕದು ತಗಳಾನ," ಎಂದ ಸಣ್ಣಸ್ವಾಮಿ. "ಅದಾದ್ರೆ ಜೊತೇಲಿ ತಗೊಂಡೋಯ್ತಾನೆ."

"ಎಲ್ಲಿಗೆ?"

ಸಣ್ಣಸ್ವಾಮಿ ಚಿಕ್ಕ ಪೆಟ್ಟಿಗೆಯನ್ನು ಅವಳ ಕಡೆ ಸರಿಸಿದ.

"ಎಲ್ಲಿಗೆ ತಗೊಂಡೋಯ್ತಾನೆ, ಹೇಳಿ. ದೊಡ್ಡದಾದ್ರೆ ಮನೇಲೇ ಇರ್ತದೆ. ಆಡ್ಬೇಕು ಅಂದ್ರೆ ಅವನೇ ಬಂದು ಕೂರ್ಬೇಕು."

"ಅದಕ್ಕೇ ಬ್ಯಾಡ ಅಂದಿದ್ದು ಕಣೆ." ಅವನು ದನಿ ತಗ್ಗಿಸಿದ. "ಹಾಲ್‌ನಲ್ಲಿ ಒಬ್ಳೇ ಕೂತು ಅವನ ಜೊತೆ ಮಾತಾಡ್ತೀಯಲ್ಲ, ನಂಗೆ ಕೇಳಕಿಲ್ಲ ಅನ್ಕಂಡಿದ್ದೀಯಾ? ಎಡೆ ಇಕ್ಕೋದು ಕಳಿಸಾಕೆ ಸಿದ್ದಿ. ಕಟ್ ಹಾಕಾಕಲ್ಲ."

ನಿರಂಜನ್ ತಿರುಗಿ ನಿಂತು, ನೇತುಹಾಕಿದ್ದ ಚಾರ್ಜರ್ ವಯರುಗಳನ್ನು ಸುಮ್ಮನೆ ಸರಿಪಡಿಸತೊಡಗಿದ.

ಸಿದ್ದಮ್ಮ ಬಾಗಿಲ ಬಳಿ ನಿಂತಿದ್ದ ಮಗಳ ಕಡೆ ನೋಡಿದಳು. "ನಿಂಗೇನಾದ್ರೂ ಅಂದಿದ್ನಾ ಕೂಸೇ? ಕೊನೇಗೆ?"

ಅಂದಿದ್ದ. ಹೊರಡುವ ದಿನ ಬೆಳಿಗ್ಗೆ ನಲ್ಲಿಯ ಹತ್ತಿರ ವ್ಯಾನಿನ ಗಾಜು ಒರೆಸುತ್ತ ಕಾವ್ಯಶ್ರೀಗೆ ಹೇಳಿದ್ದ: "ಚಿಕ್ಕದೇ ಗ್ಯಾರಂಟಿ ಕಣೆ. ಲೋಡ್ ಇಳಿಸೋ ತನಕ ವ್ಯಾನಲ್ಲಿ ಸುಮ್ನೆ ಕೂತು ಸಾಕಾಗೋಗದೆ. ಮನೇಲಿ ನಾನಿರೋದೇ ಎಷ್ಟೊತ್ತು?"

"ಒಬ್ನೇ ಆಡ್ಕೋ ಹೋಗು," ಎಂದಿದ್ದಳು ಅವಳು. ಅವನು ಒದ್ದೆ ಬಟ್ಟೆಯನ್ನು ಅವಳ ಮುಖಕ್ಕೆ ಕೊಡವಿ ನಕ್ಕಿದ್ದ.

ಎಂಟು ತಿಂಗಳಿಂದ ಅವ್ವ ಯಾರ ಮುಖವನ್ನೂ ನೆಟ್ಟಗೆ ನೋಡಿರಲಿಲ್ಲ. ಈಗ ಅವಳ ಕಣ್ಣು ಕಾವ್ಯಳ ತುಟಿಯ ಮೇಲಿತ್ತು.

"ದೊಡ್ಡದು," ಎಂದಳು ಕಾವ್ಯ. "ದೊಡ್ಡದೇ ಅಂದಿದ್ದ."

ಸಣ್ಣಸ್ವಾಮಿ ಮಗಳನ್ನು ಒಂದು ಸಲ ನೋಡಿದ. ಆಮೇಲೆ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದು ಅವನ ತೊಡೆಯ ಮೇಲೇ ಇತ್ತು.

ಅಮಾವಾಸ್ಯೆಯ ಮಧ್ಯಾಹ್ನ ಹಾಲ್‌ನಲ್ಲಿ ಬಾಳೆ ಎಲೆ ಹಾಸಿದರು. ಮುದ್ದೆ, ನಾಟಿಕೋಳಿ ಸಾರು, ಕಜ್ಜಾಯ, ಮಡಿಕೆ ಬಿಚ್ಚದ ಹೊಸ ಪ್ಯಾಂಟು. ಕಾವ್ಯ ಕನ್ಸೋಲನ್ನು ಟೀವಿಗೆ ಜೋಡಿಸಿ ಏಳುವಾಗ ಸಿದ್ದಮ್ಮ ತಡೆದಳು.

"ಆನ್ ಮಾಡಿ ಮಡಗು. ಅಷ್ಟು ದೂರದಿಂದ ಬಂದೋನು ಸ್ವಿಚ್ ಹುಡುಕ್ತಾ ಕೂರ್ಬೇಕಾ?"

ಕಾರಿನ ರೇಸಿನ ಆಟ. ಶುರುವಾಗುವ ಮೊದಲಿನ ಸಂಗೀತ ಮತ್ತೆ ಮತ್ತೆ ಬರತೊಡಗಿತು. ಸಣ್ಣಸ್ವಾಮಿ ಕರ್ಪೂರ ಹಚ್ಚಿ ಬಾಗಿಲು ಎಳೆದುಕೊಂಡ. ಮೂವರೂ ಹೊರಗೆ ಜಗಲಿಯ ಮೇಲೆ ಕೂತರು. ಮುಚ್ಚಿದ ಬಾಗಿಲ ಹಿಂದೆ ಅದೇ ಸಂಗೀತ, ಯಾರೋ ಗುಂಡಿ ಒತ್ತಲಿ ಎಂದು ಕಾಯುವಂತೆ.

ಇದ್ದಕ್ಕಿದ್ದಂತೆ ಅದು ನಿಂತಿತು.

ಸಿದ್ದಮ್ಮ ಗಂಡನ ಮುಂಗೈ ಹಿಡಿದಳು. "ಮುಟ್ದ," ಎಂದಳು ಪಿಸುಮಾತಿನಲ್ಲಿ.

ಯಾರೂ ಮುಟ್ಟದಿದ್ದರೆ ಸ್ವಲ್ಪ ಹೊತ್ತಿನ ಮೇಲೆ ತಾನಾಗೇ ಆಫ್ ಆಗುತ್ತದೆ ಎಂದು ನಿರಂಜನ್ ಹೇಳಿದ್ದ. ಆದರೂ ಕಾವ್ಯ ಬಾಗಿಲಿಗೆ ಕಿವಿಗೊಟ್ಟಳು. ಒಳಗೆ ಫ್ಯಾನ್ ತಿರುಗುವ ಸದ್ದು ಮಾತ್ರ ಇತ್ತು. ಸಣ್ಣಸ್ವಾಮಿ ಎದ್ದು, ಒಳಗಿದ್ದವರಿಗೆ ಗೊತ್ತಾಗಲೆಂದು ಕೆಮ್ಮಿ, ಬಾಗಿಲಿಗೆ ಕೈ ಹಾಕಿದ.

"ಇನ್ನೊಂಚೂರು ಹೊತ್ತು ಇರ್ಲಿ," ಎಂದಳು ಸಿದ್ದಮ್ಮ.

ಅವನು ಕೂತ. ಮತ್ತೆ ಎದ್ದ. ಮತ್ತೆ ಅವಳು ಅದನ್ನೇ ಹೇಳಿದಳು. ಸಾರು ಆರಿ ಎಣ್ಣೆ ಕಟ್ಟುವಷ್ಟು ಹೊತ್ತಾಗಿತ್ತು.

"ಅವ್ವ," ಎಂದಳು ಕಾವ್ಯ. "ಅವನು ಚಿಕ್ಕದು ಅಂದಿದ್ದ. ನಾನು ಸುಳ್ಳು ಹೇಳ್ದೆ."

ಸಿದ್ದಮ್ಮ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. "ಗೊತ್ತು ಕಣೆ," ಎಂದಳು. "ನಂಗೂ ಹಂಗೇ ಅಂದಿದ್ದ."

ಸಣ್ಣಸ್ವಾಮಿ ಮೆಟ್ಟಿಲಿಳಿದು ಗದ್ದೆಯ ಕಡೆ ಹೊರಟ. ಊಟಕ್ಕೂ ನಿಲ್ಲಲಿಲ್ಲ.

ಬಾಗಿಲು ತೆರೆದದ್ದು ಸಿದ್ದಮ್ಮನೇ. ಅವಳು ಎಲೆಗಳನ್ನು ಪಕ್ಕಕ್ಕೆ ಸರಿಸಿ, ಟೀವಿಯ ಎದುರು ಚಾಪೆ ಹಾಸಿದಳು. ಆಟದ ಹಿಡಿಕೆಗಳಲ್ಲಿ ಒಂದನ್ನು ಚಾಪೆಯ ಬಲಕ್ಕಿಟ್ಟು ಇನ್ನೊಂದನ್ನು ಮಗಳ ಕೈಗೆ ಕೊಟ್ಟಳು.

"ನೀನೂ ಕೂತ್ಕೋ. ಒಬ್ನೇ ಆಯ್ತಾನೆ."

ಕಾವ್ಯ ಚಾಪೆಯ ಎಡತುದಿಯಲ್ಲಿ ಕೂತಳು. ಕೈ ಚಾಚಿ ಎರಡೂ ಹಿಡಿಕೆಗಳ ಗುಂಡಿ ಒತ್ತಿದಳು. ಪರದೆ ಎರಡು ಭಾಗವಾಯಿತು. ಮೂರು, ಎರಡು, ಒಂದು. ದೀಪ ಹಸಿರಾಯಿತು.

"ತಡಿ," ಎಂದಳು ಅವ್ವ ಹಿಂದಿನಿಂದ. "ಬಿಟ್ಟೋಗ್ಬ್ಯಾಡ."

ಕಾವ್ಯಳ ಹೆಬ್ಬೆರಳು ಗುಂಡಿಯ ಮೇಲೇ ನಿಂತಿತು. ಉಳಿದ ಕಾರುಗಳೆಲ್ಲ ಧೂಳೆಬ್ಬಿಸಿಕೊಂಡು ತಿರುವು ದಾಟಿ ಮರೆಯಾದವು. ಧೂಳು ಇಳಿದಾಗ ಬಿಳಿ ಗೆರೆಯ ಮೇಲೆ ಎರಡು ಕಾರು, ಒಂದರ ಪಕ್ಕ ಒಂದು, ಸಣ್ಣಗೆ ಗುರುಗುಡುತ್ತ ನಿಂತಿದ್ದವು.