ಅಮ್ಮನಿಗಿಲ್ಲದ ತಮ್ಮ

ಹೋಟೆಲಿನ ಹಾಸಿಗೆ ಬಟ್ಟೆಗೆ ಎರಡು ವಾಸನೆ. ಒಳಗೆ ಬರುವಾಗ ಯಾರದೋ ಬೆವರು, ಯಾರೋ ಚೆಲ್ಲಿದ ಹೆಂಡ. ಹೊರಗೆ ಹೋಗುವಾಗ ಬರೀ ಸೋಪು ಮತ್ತು ಕಾದ ಹತ್ತಿ. ಈ ಎರಡು ವಾಸನೆಯ ನಡುವೆ ನಿಂತವಳು ನಾನು. ಓದಲು ಬಂದವಳು.

ಓದುತ್ತಿದ್ದದ್ದು ಗಿಡಗಳ ರೋಗ. ದುಡಿಯುತ್ತಿದ್ದದ್ದು ಮಾವನ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ. ನಾಲ್ಕಾರು ಹೋಟೆಲುಗಳ ಹಾಸಿಗೆ ಬಟ್ಟೆ ಅಲ್ಲಿಗೆ ಬರುತ್ತಿತ್ತು. ಒಗೆಯುವ ಯಂತ್ರಗಳು ಒಂದು ಕಡೆ, ರೋಲರ್ ಇನ್ನೊಂದು ಕಡೆ. ರೋಲರ್ ಅಂದರೆ ಕಾದ ಕಬ್ಬಿಣದ ದೊಡ್ಡ ಉರುಳೆ. ಒದ್ದೆ ಬಟ್ಟೆಯ ಅಂಚನ್ನು ಅದರ ಬಾಯಿಗೆ ಕೊಟ್ಟರೆ ಸಾಕು, ಆ ಕಡೆಯಿಂದ ಒಣಗಿ ಇಸ್ತ್ರಿಯಾಗಿ ಬರುತ್ತದೆ. ಬಾಯಿಯ ಮುಂದೆ ಒಂದು ಅಡ್ಡಪಟ್ಟಿ. ಕೈ ತಗುಲಿದರೆ ಉರುಳೆ ತಾನೇ ನಿಲ್ಲಲಿ ಅಂತ ಇಟ್ಟದ್ದು. ಮಾವ ಅದನ್ನು ಹರಿದ ಹಾಸಿಗೆ ಬಟ್ಟೆಯ ಚೂರಿನಿಂದ ಮೇಲಕ್ಕೆತ್ತಿ ಕಟ್ಟಿದ್ದ.

"ಪದೇ ಪದೇ ನಿಂತ್ರೆ ಹೋಟೆಲಿನವರು ಕಾಯ್ತಾರಾ ಮಗಳೇ? ಹುಷಾರಾಗಿ ಮಾಡಿದ್ರೆ ಏನೂ ಆಗಲ್ಲ."

ಆಗೆಲ್ಲ ಅವನಿಗೆ ‘ಅವರು’ ಅನ್ನುತ್ತಿದ್ದೆ. ಈಗ ಬಹುವಚನ ಬಾಯಿಗೆ ಬರುವುದಿಲ್ಲ.

ಊರಿನ ಯಾರೋ ಅವನ ನಂಬರು ಕೊಟ್ಟಿದ್ದರು, ನಾನು ವಿಮಾನ ಇಳಿದ ದಿನ ಅವನೇ ಬಂದಿದ್ದ. ದೊಡ್ಡ ಹೊಟ್ಟೆ, ಸೊಂಟದಲ್ಲಿ ಬೀಗದ ಕೈ ಗೊಂಚಲು, ಬಾಯಲ್ಲಿ ಲವಂಗ. "ಬಾ ಮಗಳೇ, ದಣಿದಿದೀಯ" ಅಂದ. ದಾರಿಯುದ್ದಕ್ಕೂ ಅರ್ಥವಾಗದ ಮಾತುಗಳನ್ನೇ ಕೇಳಿ ಕೇಳಿ ಬಂದಿದ್ದ ನನಗೆ ಆ ಕನ್ನಡ ಕಿವಿಗೆ ಬಿದ್ದ ಕೂಡಲೇ ಅಳು ಬಂತು. ಅಲ್ಲೇ ನಿಂತು ಅಮ್ಮನಿಗೆ ಫೋನ್ ಹಚ್ಚಿದ. "ಅಕ್ಕಾ, ಚಿಂತೆ ಬಿಡಿ. ಇನ್ಮೇಲೆ ಇವಳು ನಮ್ಮನೆ ಮಗಳು. ನಾನು ನಿಮ್ಮ ತಮ್ಮ ಅಂತ ತಿಳ್ಕೊಳ್ಳಿ." ಆ ಕಡೆ ಅಮ್ಮನೂ ಅತ್ತಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ.

ಕಾರ್ಖಾನೆಯ ಮೇಲೆ ಉದ್ದನೆಯ ಕೋಣೆ. ಒಂದರ ಮೇಲೊಂದು ಮಂಚ, ನಡುವೆ ಹಲಗೆಯ ಅಡ್ಡಗೋಡೆ, ಆಚೆ ಹುಡುಗರು, ಈಚೆ ಹುಡುಗಿಯರು. ಎಲ್ಲರೂ ಓದಲು ಬಂದವರೇ, ಕನ್ನಡದವಳು ಮಾತ್ರ ನಾನೊಬ್ಬಳೇ. ಬಾಡಿಗೆ ಎಷ್ಟು ಅಂತ ಕೇಳಿದರೆ ಮಾವನಿಗೆ ಬೇಜಾರು.

"ಮನೆಯವರ ಹತ್ರ ಬಾಡಿಗೆ ಇಸ್ಕೊಳ್ಳೋಕೆ ನಾನೇನು ಕಟುಕನಾ? ಬಿಡುವಾದಾಗ ಕೆಳಗೆ ಬಂದು ಒಂಚೂರು ಕೈ ಜೋಡಿಸಿ. ಅಷ್ಟೇ."

ಒಂಚೂರು ಅಂದದ್ದು ಬೆಳಿಗ್ಗೆ ಶುರುವಾಗಿ, ತರಗತಿಯ ಹೊತ್ತನ್ನು ನುಂಗಿ, ಸಂಜೆಯವರೆಗೆ ಹೋಗುತ್ತಿತ್ತು. ಓದುವವರು ವಾರಕ್ಕೆ ಇಷ್ಟೇ ಗಂಟೆ ದುಡಿಯಬೇಕು ಅಂತ ಆ ದೇಶದಲ್ಲಿ ಕಾನೂನಿತ್ತು. ಆದರೆ ನಾವು ಮಾಡುತ್ತಿದ್ದದ್ದು ಕೆಲಸವೇ ಅಲ್ಲವಲ್ಲ. ಕೈ ಜೋಡಿಸುವುದು. ಕೆಲಸವಲ್ಲದ ಮೇಲೆ ಸಂಬಳ ಎಲ್ಲಿಂದ ಬರಬೇಕು? ಮಾವನ ಹತ್ತಿರ ಕೂಲಿ ಕೇಳುವ ಸೊಸೆಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಅಡ್ಡಗೋಡೆಯ ಆಚೆ ಇದ್ದ ಉದ್ದಣ್ಣ ಒಮ್ಮೆ ಬಾಯಿ ತೆರೆದ. ಉದ್ದಣ್ಣ ಅಂತ ಹೆಸರಿಟ್ಟವಳು ನಾನೇ. ಬಾಗಿಲಲ್ಲಿ ಬಗ್ಗಿಯೇ ಬರುವ ಆಳು. ಕನ್ನಡ ಬಾರದು, ಆದರೂ ಎಲ್ಲರ ಹಾಗೆ ‘ಮಾವ’ ಅನ್ನುತ್ತಿದ್ದ. ‘ಮಾವ, ನಾಳೆ ಪರೀಕ್ಷೆ ಇದೆ’ ಅಂದ ಅಷ್ಟೆ. ಮಾವ ಊಟದ ತಟ್ಟೆ ಮುಂದೆ ಇಟ್ಟುಕೊಂಡು ತಿನ್ನದೇ ಕುಳಿತ. "ನನ್ನ ಮಕ್ಕಳೇ ನನ್ನ ಕೈಬಿಟ್ರೆ ನಾನು ಯಾರಿಗೆ ಹೇಳಲಿ" ಅಂದ. ಉದ್ದಣ್ಣ ಪುಸ್ತಕ ಮುಚ್ಚಿ ಕೆಳಗೆ ಹೋದ.

ವಿಶ್ವವಿದ್ಯಾಲಯದಲ್ಲಿ ಯಾರೂ ಕೆಟ್ಟವರಲ್ಲ. ನೋಡಿದರೆ ನಗುತ್ತಿದ್ದರು. ಆದರೆ ಅವರೆಲ್ಲ ಸೇರಿ ಕೂತು ಓದುವ ಹೊತ್ತಿಗೆ ನಾನು ರೋಲರ್ ಮುಂದೆ ಇರುತ್ತಿದ್ದೆ. ನಾನು ಹೋಗುವ ಹೊತ್ತಿಗೆ ಅವರು ಚದುರಿರುತ್ತಿದ್ದರು. ಮೆಟ್ಟಿಲಿನ ಕೆಳಗೆ ಕೂತು ಡಬ್ಬಿ ತೆರೆದು ತಿಂದು ಬರುತ್ತಿದ್ದೆ. ಮಾತೇ ಇಲ್ಲದೆ ದಿನಗಳು ಹೋಗುತ್ತಿದ್ದವು. ಒಂದು ದಿನ ಲ್ಯಾಬಿನಲ್ಲಿ, ಮಚ್ಚೆ ಬಿದ್ದ ಎಲೆಯನ್ನು ಕೈಗೆ ತೆಗೆದುಕೊಂಡು "ಏನಮ್ಮಾ ತಾಯಿ, ನಿಂಗೇನಾಯ್ತು?" ಅಂದೆ. ಗಟ್ಟಿಯಾಗಿಯೇ ಅಂದಿರಬೇಕು, ಪಕ್ಕದ ಹುಡುಗಿ ತಿರುಗಿ ನೋಡಿದಳು. ಅವಳು ಕೇಳಿದ ನನ್ನ ಮೊದಲ ಮಾತೇ ಅದು.

ಲ್ಯಾಬಿನಲ್ಲಿ ಎಲೆಯನ್ನು ಬ್ಲೇಡಿನಿಂದ ತೆಳ್ಳಗೆ ಸೀಳಬೇಕು. ಬೆಳಕು ತೂರಿ ಬರುವಷ್ಟು ತೆಳ್ಳಗೆ. ಆಗಲೇ ಸೂಕ್ಷ್ಮದರ್ಶಕದಲ್ಲಿ ರೋಗದ ಎಳೆ ಕಾಣುತ್ತದೆ. ಎಷ್ಟೋ ಜನಕ್ಕೆ ಅದು ಕೈಗೆ ಹತ್ತುವುದಿಲ್ಲ. ನನಗೆ ಹತ್ತಿತು. ಅಮ್ಮ ಬಟ್ಟೆ ಹೊಲಿಯುವವಳು, ಕತ್ತರಿ ಹಿಡಿದೇ ಬೆಳೆದ ಕೈ ನನ್ನದು. ಮೇಷ್ಟರು ಒಮ್ಮೆ ನನ್ನ ಸೀಳನ್ನು ಎತ್ತಿ ಎಲ್ಲರಿಗೂ ತೋರಿಸಿ "ಈ ಕೈ ನೋಡಿ" ಅಂದರು. ಆ ದೇಶದಲ್ಲಿ ನನ್ನನ್ನು ಯಾರಾದರೂ ಹೊಗಳಿದ್ದು ಅದೊಂದೇ ಸಲ. ಆ ಮಾತನ್ನು ಎಷ್ಟು ದಿನ ನೆನೆಸಿಕೊಂಡು ಮಲಗಿದೆನೋ.

ರೋಲರಿನಿಂದ ಬಂದ ಬಟ್ಟೆ ಮಡಿಸುವಾಗ ನನ್ನ ಜೊತೆಗಿದ್ದವಳು ಅಕ್ಕ. ಅವಳೂ ಪರದೇಶದವಳೇ, ಆದರೆ ಬೇರೆ ದೇಶ. ಚಿನ್ನದ ಹಲ್ಲು, ಬಿಳಿ ಕೂದಲು. ನಾನು ಅಕ್ಕ ಅಂದರೆ ತಿರುಗುತ್ತಿದ್ದಳು, ಅರ್ಥ ಗೊತ್ತಿತ್ತೋ ಇಲ್ಲವೋ. ನಮಗಿಬ್ಬರಿಗೂ ಆ ಊರಿನ ಭಾಷೆ ಅಷ್ಟಕ್ಕಷ್ಟೇ. ಎರಡು ಮೂಲೆ ಅವಳ ಕೈಯಲ್ಲಿ, ಎರಡು ನನ್ನ ಕೈಯಲ್ಲಿ. ದೂರ ನಿಂತು ಕೊಡವಿ, ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಬೇಕು. ಮನೆಯಲ್ಲಿ ನಾನು, ಅಮ್ಮ ಸೀರೆ ಮಡಿಸುವುದು ಹೀಗೆಯೇ. ಹತ್ತಿರ ಬಂದಾಗ ಅಮ್ಮ ಏನಾದರೂ ಹೇಳುತ್ತಿದ್ದಳು, ಪಕ್ಕದ ಮನೆಯವರ ಸುದ್ದಿ, ಇಲ್ಲವೇ ನನ್ನ ಕೂದಲ ಮೇಲೆ ಒಂದು ಬೈಗುಳ. ಅಕ್ಕ ಹತ್ತಿರ ಬಂದಾಗ ನಗುತ್ತಿದ್ದಳು. ಮತ್ತೆ ದೂರ ಹೋಗುತ್ತಿದ್ದೆವು.

ಆ ಮಧ್ಯಾಹ್ನ ಮಾವ ಅವಸರದಲ್ಲಿದ್ದ. "ಬೇಗ ಬೇಗ" ಅನ್ನುತ್ತಾ ಹಿಂದೆ ಮುಂದೆ ಓಡಾಡುತ್ತಿದ್ದ. ನಾನು ಕೊಟ್ಟ ಬಟ್ಟೆಯ ಅಂಚು ರೋಲರಿನ ಬಾಯಲ್ಲಿ ಮುದುಡಿತು. ಸರಿ ಮಾಡಲು ಬಲಗೈ ಚಾಚಿದೆ. ಬಟ್ಟೆಯ ಜೊತೆ ಬೆರಳುಗಳೂ ಒಳಗೆ ಹೋದವು.

"ಅಮ್ಮಾ" ಅಂತ ಕೂಗಿದ್ದು ಮಾತ್ರ ನೆನಪು. ಅಮ್ಮ ಅನ್ನುವುದು ಅಕ್ಕನ ಭಾಷೆಯಲ್ಲೂ ಹೆಚ್ಚುಕಮ್ಮಿ ಅದೇ ಇರಬೇಕು. ಅವಳೇ ಓಡಿ ಬಂದು ಸ್ವಿಚ್ಚಿಗೆ ಹೊಡೆದಳು.

ಮಾವ ಆಂಬುಲೆನ್ಸ್ ಕರೆಯಲಿಲ್ಲ. ಬಟ್ಟೆ ಸಾಗಿಸುವ ವ್ಯಾನಿನಲ್ಲೇ ಕೂರಿಸಿಕೊಂಡು ಹೋದ. ನಾನು ನೋವಿಗೆ ಹಲ್ಲು ಕಚ್ಚುತ್ತಿದ್ದೆ. ಅವನು ಪಾಠ ಹೇಳಿಕೊಡುತ್ತಿದ್ದ.

"ಮನೇಲಿ ಇಸ್ತ್ರಿ ಪೆಟ್ಟಿಗೆ ತಗುಲ್ತು ಅನ್ನು. ನಾನು ನಿಂಗೆ ಸೋದರಮಾವ. ಗೊತ್ತಾಯ್ತಾ ಮಗಳೇ? ಅಳಬೇಡ, ನಾನಿದೀನಿ."

ಆಸ್ಪತ್ರೆಯಲ್ಲಿ ಎಲ್ಲವನ್ನೂ ಅವನೇ ಹೇಳಿದ. ಡಾಕ್ಟರಮ್ಮ ನನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮರುದಿನ ಅವನಿಲ್ಲದಾಗ ಬಂದು ಮಂಚದ ಪಕ್ಕ ಕೂತರು.

"ಮನೆ ಇಸ್ತ್ರಿ ಪೆಟ್ಟಿಗೆ ಅಂಗೈಯನ್ನೂ ಸುಟ್ಟು, ಅದೇ ಗಳಿಗೇಲಿ ಹಿಂದಿನ ಕಡೆನೂ ಸುಡುತ್ತಾ?"

ನಾನು ಕಟ್ಟಿದ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡೆ.

"ಚರ್ಮ ಬಿಗೀತಾ ಹೋಗುತ್ತೆ. ಇನ್ನೊಂದು ಆಪರೇಷನ್ ಆಗದಿದ್ರೆ ಬೆರಳು ಬಿಚ್ಚಲ್ಲ. ವಿದ್ಯಾರ್ಥಿಗಳ ವಿಮೆ ಅದಕ್ಕೆ ಕೊಡಲ್ಲ. ಕೆಲಸದ ಜಾಗದಲ್ಲಿ ಆದದ್ದಾದ್ರೆ ಮಾಲೀಕನ ವಿಮೆ ಕೊಡಲೇಬೇಕು. ಕಾರ್ಮಿಕ ಇಲಾಖೆಗೆ ನಾನು ತಿಳಿಸ್ತೀನಿ. ಅವರು ಬಂದಾಗ ಮಾತಾಡಬೇಕಾದವರು ನೀವು."

ಮಾವನಿಗೆ ಇದು ಹೇಗೋ ತಿಳಿಯಿತು. ಕೋಣೆಗೆ ಕರೆತಂದವನು ದಿಂಬು ಸರಿ ಮಾಡಿ, ಬಿಸಿ ಹಾಲು ತಂದುಕೊಟ್ಟ. ಆಮೇಲೆ ಮಂಚದ ತುದಿಯಲ್ಲಿ ಕೂತ.

"ನೋಡು ಮಗಳೇ, ಕೆಲಸ ಅಂದ್ರೆ ಮೊದಲು ಹೋಗೋದು ನಿನ್ನ ವೀಸಾ. ಗಂಟೆಗಟ್ಟಲೆ ದುಡಿದವಳು ನೀನು ತಾನೇ? ಓದು ಅರ್ಧಕ್ಕೇ ಬಿಟ್ಟು ಬರಿಗೈಲಿ ಊರಿಗೆ ಹೋಗ್ತೀಯ. ಮಾವ ಅಂದ್ರೆ ನೀನೂ ಪಾರು, ನಾನೂ ಪಾರು."

"ಬೆರಳು, ಮಾವ?"

"ದೇವರಿದಾನೆ. ಎಣ್ಣೆ ಹಚ್ಚಿ ನೀವಿದ್ರೆ ಸರಿ ಹೋಗುತ್ತೆ."

ಅವನು ಹೇಳಿದ್ದರಲ್ಲಿ ವೀಸಾ ಮಾತು ಸುಳ್ಳಾಗಿರಲಿಲ್ಲ. ಅದೇ ನನ್ನನ್ನು ಕೊಂದದ್ದು. ಬೆರಳು ಬಿಚ್ಚದಿದ್ದರೆ ಬ್ಲೇಡು ಹಿಡಿಯಲಾರೆ, ಬಾಯಿ ಬಿಚ್ಚಿದರೆ ಈ ದೇಶದಲ್ಲಿ ಇರಲಾರೆ. ಅತ್ತ ದರಿ, ಇತ್ತ ಪುಲಿ ಅನ್ನುವುದನ್ನು ಶಾಲೆಯಲ್ಲಿ ಉರು ಹೊಡೆದಿದ್ದೆ. ಅರ್ಥವಾದದ್ದು ಆ ಮಂಚದ ಮೇಲೆ.

ಎಲ್ಲರೂ ಕೆಳಗೆ ಹೋದ ಮೇಲೆ ಕೋಣೆಯಲ್ಲಿ ನಾನೊಬ್ಬಳೇ. ಕೆಳಗಿನ ಯಂತ್ರಗಳ ಬಿಸಿಗೆ ನೆಲ ಬೆಚ್ಚಗಿರುತ್ತಿತ್ತು, ನಾನು ಮಾತ್ರ ನಡುಗುತ್ತಿದ್ದೆ. ಅಕ್ಕ ಊಟದ ಬಿಡುವಿನಲ್ಲಿ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಒಂದು ಕೈಯಲ್ಲಿ ಜಡೆ ಹಾಕಿಕೊಳ್ಳಲು ಆಗುವುದಿಲ್ಲವಲ್ಲ, ಅವಳೇ ತಲೆ ಬಾಚಿ ಹೆಣೆಯುತ್ತಿದ್ದಳು. ಅವಳ ಭಾಷೆಯಲ್ಲಿ ಅವಳು ಏನೋ ಹೇಳುವಳು, ನನ್ನ ಭಾಷೆಯಲ್ಲಿ ನಾನು ಏನೋ ಹೇಳುವೆನು. ಇಬ್ಬರೂ ಹೂಂಗುಟ್ಟುತ್ತಿದ್ದೆವು. ಅವಳು ಇಳಿದು ಹೋದ ಮೇಲೆ ಕೋಣೆ ಮೊದಲಿಗಿಂತ ದೊಡ್ಡದಾಗುತ್ತಿತ್ತು.

ಅಮ್ಮನಿಗೆ ಹೇಳಿರಲಿಲ್ಲ. ವಿಡಿಯೋದಲ್ಲಿ ಮುಖ ಮಾತ್ರ ತೋರಿಸುತ್ತಿದ್ದೆ. ಕಾರ್ಮಿಕ ಇಲಾಖೆಯ ಅಧಿಕಾರಿ ನಾಳೆ ಬರುತ್ತಾರೆ ಅನ್ನುವಾಗ ಅಮ್ಮನ ಫೋನ್ ಬಂತು. ನಾನು ಉಣ್ಣುತ್ತಿದ್ದೆ. ಫೋನನ್ನು ಗೋಡೆಗೆ ಒರಗಿಸಿಟ್ಟು ಮಾತಿಗೆ ಕೂತೆ. ಮಾತಿನ ಭರದಲ್ಲಿ ಮರೆತುಹೋಯಿತು, ಒಂದು ತುತ್ತು ಬಾಯಿಗಿಟ್ಟುಬಿಟ್ಟೆ.

ಅಮ್ಮ ಫೋನಿನ ಹತ್ತಿರಕ್ಕೆ ಬಗ್ಗಿದಳು.

"ಯಾಕೆ ಪುಟ್ಟಿ ಎಡಗೈಲಿ ಉಣ್ತಿದೀಯ?"

"ಇಲ್ಲಿ ಎಲ್ಲರೂ ಹೀಗೇ..."

"ನಾನು ನಿನ್ನ ಕೇಳ್ತಿರೋದು. ಬಲಗೈ ತೋರ್ಸು."

ತೋರಿಸಿದೆ. ಕಟ್ಟಿದ ಬಟ್ಟೆಯ ತುದಿಯಲ್ಲಿ ಬೆರಳುಗಳು ಕೊಕ್ಕೆಯ ಹಾಗೆ ಬಾಗಿದ್ದವು. ಅಮ್ಮ ಕಿರುಚಲಿಲ್ಲ. ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಎಲ್ಲವನ್ನೂ ಕೇಳಿದಳು. ರೋಲರು, ವ್ಯಾನು, ಡಾಕ್ಟರಮ್ಮ, ಹಾಲು, ಎಣ್ಣೆ. ವೀಸಾ ವಿಷಯವನ್ನೂ ಹೇಳಿದೆ.

"ಮಾವ ಅಂತ ಹೇಳು ಅಂತಾರಮ್ಮಾ. ಸೋದರಮಾವ ಅಂತ."

ಅಮ್ಮ ಸೆರಗನ್ನು ಬಾಯಿಂದ ತೆಗೆದಳು. ಆಮೇಲೆ ಕಣ್ಣೊರೆಸಿಕೊಂಡಳು.

"ನನ್ನ ಬೆನ್ನಿಗೆ ಯಾರೂ ಹುಟ್ಟಲೇ ಇಲ್ವಲ್ಲೇ. ನನಗಿಂತ ಮುಂಚೆನೂ ಯಾರೂ ಇಲ್ಲ. ನಾನು ಒಂಟಿ ಹುಟ್ಟಿದೋಳು. ನಿಂಗೆ ಮಾವ ಎಲ್ಲಿಂದ ಬಂದ?"

"ವೀಸಾ ಹೋದ್ರೆ?"

"ಬಾ. ಹೊಲಿಗೆ ಮಿಷನ್ ಇದೆ, ನಾನಿದೀನಿ. ಆದ್ರೆ ಕೈ ಅಲ್ಲೇ ಬಿಟ್ಟು ಬರಬೇಡ."

ಮರುದಿನ ಅಧಿಕಾರಿ ಬಂದರು. ನಡುವಯಸ್ಸಿನವರು, ಸಪ್ಪೆ ಮುಖ. ಎಷ್ಟು ಕಾರ್ಖಾನೆಯಲ್ಲಿ ಎಷ್ಟು ಸುಳ್ಳು ಕೇಳಿದ್ದರೋ. ಮಾವ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ್ದ. ಆದರೆ ರೋಲರ್ ನಿಲ್ಲಿಸಲಿಲ್ಲ. ಹೋಟೆಲಿನವರು ಕಾಯುವುದಿಲ್ಲವಲ್ಲ. ಒಬ್ಬ ಹುಡುಗನನ್ನು ಅದರ ಮುಂದೆಯೇ ಬಿಟ್ಟಿದ್ದ, ಬಟ್ಟೆ ಒಂದು ಕಡೆಯಿಂದ ಒಳಗೆ ಹೋಗುತ್ತಲೇ ಇತ್ತು.

"ಎಲ್ಲರೂ ಒಂದೇ ಕುಟುಂಬ ಸರ್. ನನ್ನ ಅಕ್ಕತಂಗಿಯರ ಮಕ್ಕಳು. ಬಿಡುವಾದಾಗ ಬಂದು ಕೈ ಜೋಡಿಸ್ತಾರೆ. ಈ ಹುಡುಗಿ ಮನೇಲಿ ಇಸ್ತ್ರಿ ಮಾಡ್ತಾ ಸುಟ್ಕೊಂಡ್ಳು, ಪಾಪ."

ಅಧಿಕಾರಿ ನನ್ನ ಕಡೆ ತಿರುಗಿದರು.

"ಇವರು ನಿಮಗೆ ಏನಾಗಬೇಕು?"

ಮಾವ ಕನ್ನಡದಲ್ಲಿ ಮೆಲ್ಲಗೆ ಅಂದ. "ಹೇಳು ಮಗಳೇ. ಒಂದೇ ಮಾತು. ಆಮೇಲೆ ಎಲ್ಲಾ ನಾನು ನೋಡ್ಕೋತೀನಿ."

ಆ ಮಾತು ಎಷ್ಟು ಇಂಪಾಗಿತ್ತು! ಆ ಊರಿನಲ್ಲಿ ನನ್ನ ಭಾಷೆ ಆಡುವ ಬಾಯಿ ಅದೊಂದೇ. ನಾನು ನಿಜ ಹೇಳಿದರೆ ಅದು ನನ್ನ ಪಾಲಿಗೆ ಮುಚ್ಚಿಹೋಗುತ್ತದೆ. ನಾಳೆಯಿಂದ ದಣಿದಿದೀಯ ಅನ್ನುವವರು ಯಾರೂ ಇರುವುದಿಲ್ಲ. ಆ ಸುಖ ನನಗೆ ಬೇಕಾಗಿತ್ತು, ಸುಳ್ಳು ಹೇಳುವುದಿಲ್ಲ.

ರೋಲರಿನ ಹತ್ತಿರ ಹೋದೆ. ಅಡ್ಡಪಟ್ಟಿಗೆ ಕಟ್ಟಿದ್ದ ಬಟ್ಟೆಯ ಗಂಟನ್ನು ಎಡಗೈಯಿಂದ ಎಳೆದೆ. ಬರಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದೆ. ಪಟ್ಟಿ ಧಡ್ ಅಂತ ಉರುಳೆಯ ಬಾಯಿಯ ಮುಂದಕ್ಕೆ ಇಳಿಯಿತು. ಅದನ್ನು ಮೊಣಕೈಯಿಂದ ಒತ್ತಿದೆ. ಉರುಳೆ ನಿಂತಿತು.

"ಸರ್, ನಮ್ಮಮ್ಮನಿಗೆ ಅಣ್ಣ ತಮ್ಮ ಯಾರೂ ಇಲ್ಲ," ಅಂದೆ. "ಇವರು ಮಾಲೀಕರು. ನಾನು ಇಲ್ಲಿ ಕೆಲಸ ಮಾಡ್ತೀನಿ. ನನ್ನ ಕೈ ಹೋದದ್ದು ಇದರೊಳಗೆ."

ಅಧಿಕಾರಿ ಪಟ್ಟಿಯನ್ನು ನೋಡಿದರು, ನೇತಾಡುತ್ತಿದ್ದ ಬಟ್ಟೆಯ ಚೂರನ್ನು ನೋಡಿದರು.

"ಇದರಿಂದ ನಿಮ್ಮ ವೀಸಾಗೆ ತೊಂದರೆ ಆಗಬಹುದು. ಅದು ನನ್ನ ಕೈಲಿಲ್ಲ."

"ಗೊತ್ತು ಸರ್."

ಅವರು ಉದ್ದಣ್ಣನ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದರು. ಉದ್ದಣ್ಣ ಮಾವನನ್ನು ನೋಡಿದ, ನನ್ನ ಕೈಯನ್ನು ನೋಡಿದ. ಯಾವಾಗಲೂ ಬಗ್ಗಿಯೇ ನಿಲ್ಲುವ ಆಳು ನೆಟ್ಟಗಾದ. "ಮಾಲೀಕರು," ಅಂದ. ಪಕ್ಕದವಳು, ಅವಳ ಪಕ್ಕದವನು, ಎಲ್ಲರೂ ಅದನ್ನೇ ಅಂದರು. ಅಕ್ಕನನ್ನು ಯಾರೂ ಕೇಳಲಿಲ್ಲ. ಅವಳೇ ಸಾಲು ಬಿಟ್ಟು ಬಂದು ನನ್ನ ಪಕ್ಕ ನಿಂತಳು.

"ಉಂಡ ಮನೆಗೆ ಎರಡು ಬಗೆದೆಯಲ್ಲೇ," ಅಂದ ಮಾವ, ಕನ್ನಡದಲ್ಲಿ.

ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ನಿಂತ ಉರುಳೆಯ ಬಾಯಲ್ಲಿ ಹೋಟೆಲಿನ ಬಿಳಿ ಬಟ್ಟೆ ಸಿಕ್ಕಿಕೊಂಡಿತ್ತು. ಅದು ಕಂದು ಬಣ್ಣಕ್ಕೆ ತಿರುಗುತ್ತಾ ಬಂದು, ಅಂಚಿನಲ್ಲಿ ಹೊಗೆ ಎದ್ದಿತು.

"ಬಟ್ಟೆ! ಬಟ್ಟೆ ಸುಡ್ತಾ ಇದೆ! ಯಾರಾದ್ರೂ ಎಳೀರೋ!"

ನನ್ನ ಕೈ ಒಳಗೆ ಹೋದಾಗ ಅವನು ಇಷ್ಟು ಗಟ್ಟಿಯಾಗಿ ಕೂಗಿರಲಿಲ್ಲ. ಯಾರೂ ಅಲ್ಲಾಡಲಿಲ್ಲ.

"ನೀವೇ ಒಂಚೂರು ಕೈ ಜೋಡಿಸಿ, ಮಾಲೀಕರೇ," ಅಂದೆ.

ಕನ್ನಡದಲ್ಲೇ ಅಂದೆ. ಆ ಊರಿನಲ್ಲಿ ಆ ಮಾತು ಅರ್ಥವಾಗುವುದು ಅವನೊಬ್ಬನಿಗೇ.