ಸಾಹೇಬರು ಒಳಗಿದ್ದಾರೆ

ನೀರು ಸರಬರಾಜು ಕಚೇರಿಯ ಮುಂಬಾಗಿಲಲ್ಲಿ ನನ್ನ ಮೇಜು. ಮೇಜಿನ ಮೇಲೊಂದು ಫೋನು, ಪಕ್ಕದಲ್ಲಿ ಜನ ಕೂರುವ ಬೆಂಚು, ಬೆನ್ನ ಹಿಂದೆ ಸಾಹೇಬರ ಕೋಣೆ. ಬಂದವರಿಗೆ ಉತ್ತರ ಹೇಳುವುದು ನನ್ನ ಕೆಲಸ. ಉತ್ತರ ಹೇಳುವುದು ಅಂದೆ, ಸುಳ್ಳು ಹೇಳುವುದು ಅನ್ನಲಿಲ್ಲ. ಇಡೀ ರಾದ್ಧಾಂತ ಶುರುವಾಗಿದ್ದೇ ಅಲ್ಲಿಂದ.

ನಮ್ಮ ಪಂಥದಲ್ಲಿ ದೀಕ್ಷೆ ಕೊಡುವಾಗ ಗುರುಗಳು ನಾಲಿಗೆಯ ಮೇಲೆ ಬೆರಳಿಟ್ಟು, "ಇನ್ನು ಇದು ದೇವರದು" ಅನ್ನುತ್ತಾರೆ. ಅವತ್ತಿನಿಂದ ಸುಳ್ಳಾಡುವ ಹಾಗಿಲ್ಲ. ಕೆಲಸಕ್ಕೆ ಸೇರಿದ ದಿನವೇ ಹಳೆಯ ಸಾಹೇಬರಿಗೆ ಇದನ್ನು ಹೇಳಿದ್ದೆ. ಅವರು ನಕ್ಕು ಸುಮ್ಮನಾಗಿದ್ದರು. ಹೊಸಬರಿಗೆ ನಗು ಬರುವುದಿಲ್ಲ.

ಆ ದಿನ ಒಬ್ಬರು ಅಜ್ಜಿ ಬಂದಿದ್ದರು. ಅವರ ಮನೆಯ ನಲ್ಲಿಯಲ್ಲಿ ಕೆಸರು ಬರುತ್ತಿತ್ತು. ಬಾಟಲಿಯಲ್ಲಿ ತುಂಬಿಸಿಕೊಂಡೇ ಬಂದಿದ್ದರು. ಒಳಗೆ ಫೋನು ಮಾಡಿದೆ.

"ಇಲ್ಲ ಅನ್ನು," ಅಂದರು ಸಾಹೇಬರು.

"ಈಗ ಯಾರನ್ನೂ ನೋಡಲ್ಲ ಅಂತೀನಿ ಸಾರ್."

"ಹಾಗಂದ್ರೆ ಬೆಂಚಿಗೆ ಅಂಟ್ಕೊಂಡು ಕೂತ್ಬಿಡ್ತಾರೆ. ಇಲ್ಲ ಅನ್ನು, ಅಷ್ಟೇ."

ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. ಮೈ ಉರಿದುಹೋಯಿತು. "ಒಳಗೇ ಇದ್ದಾರಜ್ಜಿ. ಇಲ್ಲ ಅಂತ ಹೇಳು ಅಂದಿದ್ದಾರೆ," ಅಂದೆ.

ಅಜ್ಜಿ ಬಾಗಿಲು ತಳ್ಳಿಕೊಂಡು ಹೋಗಿ ಬಾಟಲಿಯನ್ನು ಸಾಹೇಬರ ಮೇಜಿನ ಮೇಲೆ ಕುಕ್ಕಿದರು. "ಕುಡಿಯಪ್ಪ," ಅಂದರು. ಸಂಜೆಯೊಳಗೆ ನನ್ನ ಕೈಗೆ ನೋಟಿಸು ಬಂತು: ಅವಿಧೇಯತೆ.

ಮನೆಯಲ್ಲಿ ಅತ್ತೆ ಹಣೆ ಚಚ್ಚಿಕೊಂಡರು. ಗಂಡನ ಅಂಗಡಿ ಮುಚ್ಚಿಹೋಗಿತ್ತು. ನನ್ನ ಸಂಬಳದಲ್ಲೇ ಒಲೆ ಉರಿಯಬೇಕು. "ನಾಳೆಯಿಂದ ನಿನ್ನ ಸತ್ಯಾನೇ ಬೇಯಿಸಿ ಬಡಿಸ್ತೀಯೇನೇ?" ಅಂದರು. ಗಂಡ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದರು. ಅದು ಇನ್ನೂ ಕಷ್ಟ. ಭಯವಾಯಿತು. ಯಾಕೆ ಸುಳ್ಳು ಹೇಳಲಿ, ತುಂಬಾ ಭಯವಾಯಿತು.

ವಿಚಾರಣೆಗೆ ಮುಖ್ಯ ಕಚೇರಿಯಿಂದ ಒಬ್ಬರು ಮೇಡಂ ಬಂದರು. ಸಾಹೇಬರು ಅವರ ಪಕ್ಕದಲ್ಲೇ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. "ದೇವರ ಮೇಲೆ ಆಣೆ ಮಾಡಿ, ಸತ್ಯಾನೇ ಹೇಳ್ತೀನಿ ಅನ್ನಿ," ಅಂದರು ಮೇಡಂ.

ನನಗೆ ನಗು ತಡೆಯಲಾಗಲಿಲ್ಲ. "ಆ ಆಣೆ ಉಳಿಸ್ಕೊಂಡಿದ್ದಕ್ಕೇ ಅಲ್ವಾ ಮೇಡಂ, ನೋಟಿಸ್ ಕೊಟ್ಟಿರೋದು?"

ಮೇಡಂ ಪೆನ್ನು ಕೆಳಗಿಟ್ಟರು. ಕೆಟ್ಟವರಲ್ಲ, ಪಾಪ. "ನೋಡಿಮ್ಮಾ, ಸಾಹೇಬ್ರ ಮಾತು ಸರಿಯಾಗಿ ಕೇಳಿಸ್ಲಿಲ್ಲ ಅಂತ ಒಂದು ಸಾಲು ಬರ್ಕೊಡಿ. ಇಲ್ಲಿಗೇ ಮುಗಿಸ್ತೀನಿ. ನಿಮ್ಮ ಕೆಲಸ ಉಳಿಯುತ್ತೆ."

ಅತ್ತೆಯ ಒಲೆ ಕಣ್ಣ ಮುಂದೆ ಬಂತು. ಒಂದೇ ಒಂದು ಸಾಲು.

"ಚೆನ್ನಾಗೇ ಕೇಳಿಸ್ತು ಮೇಡಂ," ಅಂದೆ. "ನಂಗಿರೋದು ಒಂದೇ ನಾಲಿಗೆ. ಈ ಕೋಣೇಲಿ ಸತ್ಯ ಹೇಳು, ಆ ಮೇಜಲ್ಲಿ ಸುಳ್ಳು ಹೇಳು ಅಂದ್ರೆ ಇನ್ನೊಂದನ್ನ ಎಲ್ಲಿಂದ ತರ್ಲಿ? ಕೆಲಸದಿಂದ ಕಿತ್ತಾಕೋದಾದ್ರೆ ಕಿತ್ತಾಕಿ. ಯಾಕೆ ಕಿತ್ತಾಕಿದ್ರು ಅಂತ ಜನ ಕೇಳಿದ್ರೆ ಅದನ್ನೂ ಇದ್ದದ್ದು ಇದ್ದ ಹಾಗೇ ಹೇಳ್ತೀನಿ."

ಸಾಹೇಬರ ಕಾಲು ಕೆಳಗಿಳಿಯಿತು.

ಕಿತ್ತುಹಾಕುವ ಧೈರ್ಯ ಬರಲಿಲ್ಲ ಅವರಿಗೆ. ಆದೇಶ ಬಂತು: ಸಾರ್ವಜನಿಕರೊಡನೆ ಮಾತನಾಡುವ ಕೆಲಸಕ್ಕೆ ಈಕೆ ಯೋಗ್ಯಳಲ್ಲ! ಕಚೇರಿಯ ಹಿಂದಿನ ಶೆಡ್ಡಿಗೆ ಹಾಕಿದರು. ಕೆಟ್ಟುಹೋದ ನೀರಿನ ಮೀಟರುಗಳ ಮಣ್ಣು ಒರೆಸುವ ಕೆಲಸ, ಫೋನಿಲ್ಲ, ಬೆಂಚಿಲ್ಲ. ಸಂಬಳ ಅಷ್ಟೇ ಇದ್ದುದರಿಂದ ಅತ್ತೆ ತಣ್ಣಗಾದರು. ನಾನು ಮಾತ್ರ ಮೊದಮೊದಲು ಅವಮಾನ ತಾಳಲಾರದೆ ಅತ್ತುಬಿಟ್ಟೆ.

ಆದರೆ ಶೆಡ್ಡಿನ ಎದುರಿಗೇ ಕಚೇರಿಯ ಹಿಂಬಾಗಿಲು. ಸಾಹೇಬರ ಕಾರು ನಿಲ್ಲುವುದೂ ಅಲ್ಲೇ. ಆದೇಶ ಬರೆದವರ ತಲೆಗೆ ಇದು ಹೊಳೆದಿರಲಿಲ್ಲ.

ನಿನ್ನೆ ಅದೇ ಅಜ್ಜಿ ಇನ್ನೊಂದು ಬಾಟಲಿ ಹಿಡಿದು ಬಂದರು. ನನ್ನ ಸುದ್ದಿ ಅವರ ಕಿವಿಗೂ ಬಿದ್ದಿತ್ತು; ಮುಂದಿನ ಮೇಜಿನಲ್ಲಿ ಕೇಳಲೇ ಇಲ್ಲ, ಸೀದಾ ಶೆಡ್ಡಿಗೇ ಬಂದರು.

"ಇದ್ದಾರೇನಮ್ಮಾ?"

ಸಾಹೇಬರು ಚೀಲ ಹಿಡಿದು ಹಿಂಬಾಗಿಲ ಮೆಟ್ಟಿಲಿಳಿಯುತ್ತಿದ್ದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು.

"ಇದ್ದಾರಜ್ಜಿ," ಅಂದೆ, ಅಂಗಳಕ್ಕೆಲ್ಲ ಕೇಳುವ ಹಾಗೆ. "ಕಾರು ಹತ್ತೋದ್ರೊಳಗೆ ಹಿಡ್ಕೊಳ್ಳಿ."